ಉದ್ದದ ಕುಗ್ಗುವಿಕೆ, ಕಾಲದ ಹಿಗ್ಗುವಿಕೆ: ಸಾಪೇಕ್ಷತೆಯ ಲೆಕ್ಕಗಳನ್ನು ಬಿಡಿಸುವ ಬಗೆ

ವಿಶೇಷ ಸಾಪೇಕ್ಷತಾ ಸಿದ್ಧಾಂತದ ಲೆಕ್ಕಗಳಲ್ಲಿ ಎಡವುವ ವಿದ್ಯಾರ್ಥಿಗಳು ಗಣಿತದಲ್ಲಿ ಎಡವುವುದು ಅಪರೂಪ. ಒಂದು ವರ್ಗಮೂಲ, ಒಂದು ಗುಣಾಕಾರ ಅಥವಾ ಭಾಗಾಕಾರ, ಹೆಚ್ಚಿನ ಲೆಕ್ಕಗಳಿಗೆ ಇಷ್ಟೇ ಸಾಕು. ಗುಣಿಸಬೇಕೋ ಭಾಗಿಸಬೇಕೋ ಎಂದು ನಿರ್ಧರಿಸುವಲ್ಲಿ ಮಾತ್ರ ನಿಜವಾದ ತೊಡಕಿದೆ. “ಚಲಿಸುವ ಗಡಿಯಾರ ನಿಧಾನವಾಗುತ್ತದೆ, ಚಲಿಸುವ ಕೋಲು ಗಿಡ್ಡವಾಗುತ್ತದೆ” ಎಂಬ ಎರಡು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಪರೀಕ್ಷೆಗೆ ಕೂತವರಿಗೆ, ನಿಲ್ದಾಣದವರ ಪಾಲಿಗೆ ರೈಲು ಚಲಿಸುತ್ತಿದ್ದರೆ ರೈಲಿನವರ ಪಾಲಿಗೆ ನಿಲ್ದಾಣವೇ ಚಲಿಸುತ್ತಿದೆ ಎಂಬುದು ನೆನಪಾದ ಕೂಡಲೇ ಆ ಎರಡೂ ವಾಕ್ಯಗಳು ಕೈಕೊಡುತ್ತವೆ. ಯಾರ ಗಡಿಯಾರ ನಿಧಾನ ಎಂಬ ಪ್ರಶ್ನೆಗೆ ಆ ವಾಕ್ಯಗಳಲ್ಲಿ ಉತ್ತರವಿಲ್ಲ. ಉತ್ತರ ಸಿಗುವುದು ಲೆಕ್ಕದಲ್ಲಿ ಹೇಳಿರುವ ಘಟನೆಗಳನ್ನು ಒಂದೊಂದಾಗಿ ಬರೆದುಕೊಂಡಾಗ. ಸೂತ್ರಕ್ಕೆ ಕೈಹಾಕುವ ಮೊದಲು ಘಟನೆಗಳನ್ನು ಬರೆಯಿರಿ ಎಂಬ ಈ ಒಂದು ಅಭ್ಯಾಸವನ್ನು ರೂಢಿಸಿಕೊಂಡರೆ ಮಿಕ್ಕಿದ್ದೆಲ್ಲ ಸಲೀಸಾಗುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಕೆಳಗಿನ ಲೆಕ್ಕಗಳನ್ನೆಲ್ಲ ಅದೇ ಕ್ರಮದಲ್ಲಿ ಬಿಡಿಸಿದ್ದೇನೆ.

ಮೊದಲು ಬೇಕಾಗುವ ಸಲಕರಣೆ

ಘಟನೆ ಎಂದರೆ ಒಂದು ಜಾಗದಲ್ಲಿ, ಒಂದು ಕ್ಷಣದಲ್ಲಿ ನಡೆದದ್ದು. “ರೈಲಿನ ಮುಂದಿನ ತುದಿ ಕಂಬದ ಎದುರಿಗೆ ಬಂದಿತು” ಎಂಬುದು ಘಟನೆ. “ರೈಲು ಕಂಬವನ್ನು ದಾಟಿತು” ಎಂಬುದು ಒಂದು ಘಟನೆಯಲ್ಲ, ಏಕೆಂದರೆ ಅದರಲ್ಲಿ ಮುಂದಿನ ತುದಿ ಬಂದದ್ದು ಮತ್ತು ಹಿಂದಿನ ತುದಿ ಹೋದದ್ದು ಎಂಬ ಎರಡು ಘಟನೆಗಳು ಅಡಗಿವೆ. ಪ್ರಶ್ನೆಯನ್ನು ಓದುವಾಗ ಇಂಥ ಅಡಗಿದ ಘಟನೆಗಳನ್ನು ಬಿಡಿಸಿ ಬರೆಯುವುದೇ ಮೊದಲ ಕೆಲಸ.

ಎರಡು ಘಟನೆಗಳು ಸಿಕ್ಕ ಮೇಲೆ ಕೇಳಬೇಕಾದ ಪ್ರಶ್ನೆ ಇದು: ಆ ಎರಡೂ ಘಟನೆಗಳು ನಡೆದಾಗ ಅವುಗಳ ಬಳಿಯಲ್ಲೇ ಇದ್ದ ಒಂದೇ ಗಡಿಯಾರ ಯಾವುದಾದರೂ ಇದೆಯೇ? ಇದ್ದರೆ, ಒಂದೇ ವೇಗದಲ್ಲಿ ನೇರವಾಗಿ ಸಾಗುವ ಆ ಗಡಿಯಾರ ಅಳೆದ ಕಾಲವೇ ಸ್ವಕಾಲ, ಮತ್ತು ಬೇರೆ ಯಾವ ಉಲ್ಲೇಖ ಚೌಕಟ್ಟಿನವರು, ಅಂದರೆ ಆ ಗಡಿಯಾರಕ್ಕೆ ಹೋಲಿಸಿದರೆ ಚಲಿಸುತ್ತಿರುವವರು, ಅಳೆದರೂ ಅವರಿಗೆ ಸಿಗುವ ಕಾಲ ಅದಕ್ಕಿಂತ ಗಾಮಾ ಪಟ್ಟು (ಇದರ ಸೂತ್ರ ಕೆಳಗಿದೆ) ಹೆಚ್ಚು. ಉದ್ದದ ವಿಚಾರದಲ್ಲಿ ಕೇಳಬೇಕಾದದ್ದು ಬೇರೆ: ಅಳೆಯಬೇಕಾದ ವಸ್ತು ಯಾರ ಚೌಕಟ್ಟಿನಲ್ಲಿ ನಿಂತಿದೆ? ಅವರು ಅಳೆದದ್ದು ನಿಶ್ಚಲ ಉದ್ದ. ವಸ್ತು ಯಾರ ಎದುರು ಓಡುತ್ತಿದೆಯೋ ಅವರು ಅದರ ಎರಡೂ ತುದಿಗಳ ಸ್ಥಾನವನ್ನು ತಮ್ಮ ಗಡಿಯಾರಗಳ ಪ್ರಕಾರ ಒಂದೇ ಕ್ಷಣದಲ್ಲಿ ಗುರುತಿಸಿ ಅಳೆಯಬೇಕು, ಹಾಗೆ ಅಳೆದಾಗ ಸಿಗುವ ಉದ್ದ ನಿಶ್ಚಲ ಉದ್ದವನ್ನು ಗಾಮಾದಿಂದ ಭಾಗಿಸಿದಷ್ಟು. ಕೆಲವರು ನಿಶ್ಚಲ ಉದ್ದವನ್ನು ನಿಜ ಉದ್ದ ಎನ್ನುವುದುಂಟು. ಉಳಿದವರು ಅಳೆದದ್ದು ಸುಳ್ಳು ಎಂಬ ಅರ್ಥ ಅದರಿಂದ ಹೊರಡುವುದರಿಂದ ನಾನು ಆ ಮಾತನ್ನು ಬಳಸುವುದಿಲ್ಲ.

ವೇಗವನ್ನು ಬೆಳಕಿನ ವೇಗದಿಂದ ಭಾಗಿಸಿದಾಗ ಬರುವ ಸಂಖ್ಯೆ ಬೀಟಾ. ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್. ಲೆಕ್ಕಗಳಿಗೆ 30 ಕೋಟಿ ಮೀಟರ್ ಎಂದು ಹಿಡಿದರೆ ಸಾಕು. ಬೀಟಾದಿಂದ ಗಾಮಾ ಪಡೆಯುವ ಸೂತ್ರ:

ಗಾಮಾ = 1 ÷ √(1 − ಬೀಟಾ²)

ಪೈಥಾಗೊರಸ್ ತ್ರಿಕೋನಗಳನ್ನು ಬಲ್ಲವರಿಗೆ ಇಲ್ಲಿ ಒಂದು ಸೌಕರ್ಯವಿದೆ. 3, 4, 5 ಬಾಹುಗಳ ತ್ರಿಕೋನದಿಂದ ಬೀಟಾ 0.6 ಆದರೆ ಗಾಮಾ 5/4, ಬೀಟಾ 0.8 ಆದರೆ ಗಾಮಾ 5/3. 5, 12, 13ರಿಂದ ಬೀಟಾ 12/13 ಆದರೆ ಗಾಮಾ 13/5. 7, 24, 25ರಿಂದ ಬೀಟಾ 0.96 ಆದರೆ ಗಾಮಾ 25/7. ಪ್ರಶ್ನೆಪತ್ರಿಕೆ ತಯಾರಿಸುವವರು ಈ ಸಂಖ್ಯೆಗಳನ್ನು ಮತ್ತೆ ಮತ್ತೆ ಬಳಸುವುದರಿಂದ ಇವು ನೆನಪಿನಲ್ಲಿದ್ದರೆ ಸಮಯ ಉಳಿಯುತ್ತದೆ. ಗಾಮಾ ಎಂದಿಗೂ 1ಕ್ಕಿಂತ ಕಡಿಮೆಯಾಗದು. ಕಡಿಮೆ ಬಂದರೆ ಸೂತ್ರವನ್ನು ತಲೆಕೆಳಗಾಗಿ ಬರೆದಿದ್ದೀರಿ ಎಂದೇ ಅರ್ಥ.

ಕಂಬ ಮತ್ತು ರೈಲು

ನಿಶ್ಚಲ ಉದ್ದ 300 ಮೀಟರ್ ಇರುವ ರೈಲೊಂದು ಬೆಳಕಿನ ವೇಗದ 0.6 ಪಾಲಿನಷ್ಟು ವೇಗದಲ್ಲಿ ಒಂದು ಸಿಗ್ನಲ್ ಕಂಬವನ್ನು ದಾಟುತ್ತದೆ. ದಾಟಲು ಹಿಡಿದ ಕಾಲ ಕಂಬದ ಗಡಿಯಾರದ ಪ್ರಕಾರ ಎಷ್ಟು, ರೈಲಿನ ಗಡಿಯಾರಗಳ ಪ್ರಕಾರ ಎಷ್ಟು?

ಬಾಯಿಪಾಠದ ವಾಕ್ಯವನ್ನು ನಂಬಿದವರು “ಓಡುತ್ತಿರುವುದು ರೈಲು, ಆದ್ದರಿಂದ ರೈಲಿನ ಗಡಿಯಾರದ ಕಾಲವೇ ಕಡಿಮೆ” ಎಂದು ಬರೆದು ತಪ್ಪುತ್ತಾರೆ. ಘಟನೆಗಳನ್ನು ಬರೆಯೋಣ. ಒಂದನೆಯದು, ಮುಂದಿನ ತುದಿ ಕಂಬದ ಎದುರಿಗೆ ಬಂದದ್ದು. ಎರಡನೆಯದು, ಹಿಂದಿನ ತುದಿ ಕಂಬದ ಎದುರಿಗೆ ಬಂದದ್ದು. ಎರಡೂ ಘಟನೆಗಳ ಬಳಿ ಇದ್ದ ಒಂದೇ ಗಡಿಯಾರ ಯಾವುದು? ಕಂಬದ್ದು. ರೈಲಿನವರಾದರೋ ಮುಂದಿನ ತುದಿಯಲ್ಲಿ ಒಂದು, ಹಿಂದಿನ ತುದಿಯಲ್ಲಿ ಒಂದು ಎಂದು ಎರಡು ಗಡಿಯಾರಗಳನ್ನು ಇಟ್ಟು, ಅವನ್ನು ಮೊದಲೇ ಹೊಂದಿಸಿಕೊಂಡು, ಎರಡರ ಓದುಗಳ ವ್ಯತ್ಯಾಸವನ್ನು ತೆಗೆಯಬೇಕು. ಹಾಗಾಗಿ ಇಲ್ಲಿ ಸ್ವಕಾಲ ಕಂಬದ್ದು, ಕಡಿಮೆ ಕಾಲವೂ ಕಂಬದ್ದೇ.

ಈಗ ಲೆಕ್ಕ ಒಂದೆರಡು ಸಾಲಿನದು. ಕಂಬದ ಚೌಕಟ್ಟಿನಲ್ಲಿ ರೈಲಿನ ಉದ್ದ 300 ÷ 1.25, ಅಂದರೆ 240 ಮೀಟರ್. ವೇಗ ಸೆಕೆಂಡಿಗೆ 18 ಕೋಟಿ ಮೀಟರ್ ಇರುವುದರಿಂದ ದಾಟಲು ಹಿಡಿಯುವ ಕಾಲ 1.33 ಮೈಕ್ರೊಸೆಕೆಂಡ್. ರೈಲಿನವರ ಪಾಲಿಗೆ ಕಂಬವೇ 300 ಮೀಟರ್ ಓಡಬೇಕು, ಅದಕ್ಕೆ 1.67 ಮೈಕ್ರೊಸೆಕೆಂಡ್ ಬೇಕು. ಇವೆರಡರ ಅನುಪಾತ 1.25, ಅಂದರೆ ಗಾಮಾ. ಉದ್ದದ ದಾರಿಯಿಂದ ಬಂದ ಉತ್ತರ ಕಾಲದ ದಾರಿಯಿಂದ ಬರಬೇಕಾದ ಉತ್ತರಕ್ಕೆ ತಾಳೆಯಾಯಿತು. ಸಾಧ್ಯವಾದಾಗಲೆಲ್ಲ ಹೀಗೆ ಎರಡೂ ದಾರಿಗಳಲ್ಲಿ ಮಾಡಿ ನೋಡುವುದು ಒಳ್ಳೆಯದು.

ಪ್ಲಾಟ್‌ಫಾರ್ಮಿನಲ್ಲಿ ರೈಲು ಹಿಡಿಸುವುದೇ?

ಅದೇ ರೈಲು, ಅದೇ ವೇಗ. ಪ್ಲಾಟ್‌ಫಾರ್ಮಿನ ನಿಶ್ಚಲ ಉದ್ದ 240 ಮೀಟರ್. ನಿಲ್ದಾಣದವರು ಅಳೆದಾಗ ರೈಲಿನ ಉದ್ದವೂ 240 ಮೀಟರ್ ಆದ್ದರಿಂದ ಒಂದು ಕ್ಷಣದಲ್ಲಿ ರೈಲಿನ ಎರಡೂ ತುದಿಗಳು ಪ್ಲಾಟ್‌ಫಾರ್ಮಿನ ಎರಡೂ ತುದಿಗಳಿಗೆ ಸರಿಯಾಗಿ ಹೊಂದಿಕೊಳ್ಳುತ್ತವೆ. ಆದರೆ ರೈಲಿನವರ ಪಾಲಿಗೆ ಓಡುತ್ತಿರುವುದು ಪ್ಲಾಟ್‌ಫಾರ್ಮ್, ಅದರ ಉದ್ದ 240 ÷ 1.25, ಅಂದರೆ 192 ಮೀಟರ್ ಮಾತ್ರ. 300 ಮೀಟರಿನ ರೈಲು 192 ಮೀಟರಿನ ಪ್ಲಾಟ್‌ಫಾರ್ಮಿನಲ್ಲಿ ಹಿಡಿಸುವುದು ಹೇಗೆ?

ಇಲ್ಲಿ ವಿರೋಧಾಭಾಸ ಕಾಣುವುದು “ಹಿಡಿಸುವುದು” ಎಂಬ ಮಾತಿನೊಳಗೆ “ಒಂದೇ ಕ್ಷಣದಲ್ಲಿ” ಎಂಬ ಮಾತು ಹೇಳದೆಯೇ ಸೇರಿಕೊಂಡಿರುವುದರಿಂದ. ನಿಲ್ದಾಣದವರಿಗೆ ಏಕಕಾಲದಲ್ಲಿ ನಡೆದ ಎರಡು ಘಟನೆಗಳು ರೈಲಿನವರಿಗೆ ಏಕಕಾಲದವಲ್ಲ. ಐನ್‌ಸ್ಟೈನ್ 1905ರಲ್ಲಿ ಬರೆದ ಪ್ರಬಂಧ ಏಕಕಾಲಿಕತೆಯ ಚರ್ಚೆಯಿಂದಲೇ ಶುರುವಾಗುತ್ತದೆ, ಉದ್ದ ಮತ್ತು ಕಾಲಗಳ ಫಲಿತಾಂಶಗಳು ಅದರ ಬೆನ್ನಿಗೆ ಬರುತ್ತವೆ. ಆ ಅನುಕ್ರಮವನ್ನು ಬಿಟ್ಟು ನೇರವಾಗಿ ಸೂತ್ರಗಳಿಗೆ ಹಾರುವ ಬೋಧನೆಯಿಂದಲೇ ಇಂಥ ಗೊಂದಲಗಳು ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ.

ಎರಡು ಘಟನೆಗಳ ನಡುವಿನ ಕಾಲವನ್ನು ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಒಯ್ಯುವ ಲಾರೆಂಟ್ಜ್ ಸೂತ್ರ ಹೀಗಿದೆ:

ಹೊಸ ಕಾಲ = ಗಾಮಾ × (ಹಳೆಯ ಕಾಲ − ಬೀಟಾ × ಹಳೆಯ ದೂರ ÷ ಬೆಳಕಿನ ವೇಗ)

ರೈಲಿನ ಹಿಂದಿನ ತುದಿ ಪ್ಲಾಟ್‌ಫಾರ್ಮಿನ ಆರಂಭಕ್ಕೆ ಬಂದದ್ದು ಮೊದಲ ಘಟನೆ, ಮುಂದಿನ ತುದಿ ಪ್ಲಾಟ್‌ಫಾರ್ಮಿನ ಕೊನೆಗೆ ಬಂದದ್ದು ಎರಡನೆಯ ಘಟನೆ ಎಂದು ಇಟ್ಟುಕೊಂಡರೆ, ನಿಲ್ದಾಣದ ಚೌಕಟ್ಟಿನಲ್ಲಿ ಅವುಗಳ ನಡುವಿನ ಕಾಲ ಸೊನ್ನೆ, ದೂರ 240 ಮೀಟರ್. ಸೂತ್ರಕ್ಕೆ ಹಾಕಿದರೆ 1.25 × (0 − 0.6 × 240 ÷ 30 ಕೋಟಿ), ಅಂದರೆ ಋಣ 0.6 ಮೈಕ್ರೊಸೆಕೆಂಡ್. ಋಣ ಚಿಹ್ನೆಯ ಅರ್ಥವೆಂದರೆ ರೈಲಿನವರ ಪಾಲಿಗೆ ಎರಡನೆಯ ಘಟನೆಯೇ 0.6 ಮೈಕ್ರೊಸೆಕೆಂಡ್ ಮೊದಲು ನಡೆಯಿತು. ಮುಂದಿನ ತುದಿ ಪ್ಲಾಟ್‌ಫಾರ್ಮಿನ ಕೊನೆಯನ್ನು ಮುಟ್ಟಿದಾಗ ಹಿಂದಿನ ತುದಿ ಇನ್ನೂ ಹೊರಗೇ ಇತ್ತು. ಎಷ್ಟು ಹೊರಗೆ? 300ರಲ್ಲಿ 192 ಕಳೆದರೆ 108 ಮೀಟರ್. ಪ್ಲಾಟ್‌ಫಾರ್ಮ್ ಸೆಕೆಂಡಿಗೆ 18 ಕೋಟಿ ಮೀಟರ್ ವೇಗದಲ್ಲಿ ಆ 108 ಮೀಟರನ್ನು ಸಾಗಲು ಹಿಡಿಯುವ ಕಾಲ ಸರಿಯಾಗಿ 0.6 ಮೈಕ್ರೊಸೆಕೆಂಡ್. ಲಾರೆಂಟ್ಜ್ ಸೂತ್ರವನ್ನು ಬಳಸದೆ ಬರಿಯ ಉದ್ದಗಳಿಂದ ಬಂದ ಈ ಸಂಖ್ಯೆ ಸೂತ್ರದ ಉತ್ತರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಕೊಳ್ಳುವುದನ್ನು ಒಮ್ಮೆ ನಿಮ್ಮ ಕೈಯಿಂದಲೇ ಮಾಡಿ ನೋಡಿ.

ಇದರಿಂದ ಬಹಳ ಉಪಯುಕ್ತವಾದ ಒಂದು ನಿಯಮ ಸಿಗುತ್ತದೆ. ತಮ್ಮ ಚೌಕಟ್ಟಿನಲ್ಲಿ ಹೊಂದಿಸಿಟ್ಟ ಎರಡು ಗಡಿಯಾರಗಳು ಒಂದರ ಹಿಂದೆ ಒಂದು ಓಡುತ್ತಿದ್ದರೆ, ಹೊರಗಿನಿಂದ ಅಳೆಯುವವರ ಒಂದೇ ಕ್ಷಣದಲ್ಲಿ ಹಿಂದಿನ ಗಡಿಯಾರ ಮುಂದಿನದಕ್ಕಿಂತ ಹೆಚ್ಚಿನ ಸಮಯವನ್ನು ತೋರಿಸುತ್ತದೆ. ವ್ಯತ್ಯಾಸ ಬೀಟಾ × ನಿಶ್ಚಲ ದೂರ ÷ ಬೆಳಕಿನ ವೇಗ. ಈ ರೈಲಿಗೆ ಅದು 0.6 × 300 ÷ 30 ಕೋಟಿ, ಮತ್ತೆ ಅದೇ 0.6 ಮೈಕ್ರೊಸೆಕೆಂಡ್.

ಟೌ ಸೆಟಿಗೆ ಹೋದ ನೌಕೆ

ಆ ನಿಯಮ ಎಷ್ಟು ದೂರ ಕೊಂಡೊಯ್ಯುತ್ತದೆ ಎಂಬುದು ಮುಂದಿನ ಲೆಕ್ಕದಲ್ಲಿ ಕಾಣುತ್ತದೆ. ಭೂಮಿಯಿಂದ ಸುಮಾರು 12 ಜ್ಯೋತಿರ್ವರ್ಷ ದೂರದ ಟೌ ಸೆಟಿ ನಕ್ಷತ್ರಕ್ಕೆ ನೌಕೆಯೊಂದು 0.8 ಬೀಟಾದಲ್ಲಿ ಹೊರಟಿದೆ. ಇಂಥ ಲೆಕ್ಕಗಳಲ್ಲಿ ದೂರವನ್ನು ಜ್ಯೋತಿರ್ವರ್ಷಗಳಲ್ಲೂ ಕಾಲವನ್ನು ವರ್ಷಗಳಲ್ಲೂ ಇಟ್ಟುಕೊಳ್ಳಿ, ಆಗ ಬೆಳಕಿನ ವೇಗ 1 ಆಗಿ ಸೂತ್ರಗಳಿಂದ ಮಾಯವಾಗುತ್ತದೆ. ಜ್ಯೋತಿರ್ವರ್ಷಗಳನ್ನು ಮೀಟರಿಗೆ ಬದಲಿಸಲು ಹೊರಟು ಹತ್ತರ ಘಾತಗಳಲ್ಲಿ ಕಳೆದುಹೋದ ಉತ್ತರಪತ್ರಿಕೆಗಳು ಕಡಿಮೆಯೇನಲ್ಲ.

ಭೂಮಿಯ ಚೌಕಟ್ಟಿನಲ್ಲಿ ಪ್ರಯಾಣ 12 ÷ 0.8, ಅಂದರೆ 15 ವರ್ಷ. ಹೊರಟ ಘಟನೆ, ತಲುಪಿದ ಘಟನೆ ಎರಡರಲ್ಲೂ ಇದ್ದದ್ದು ನೌಕೆಯ ಗಡಿಯಾರ, ಆದ್ದರಿಂದ ಸ್ವಕಾಲ ಅದರದು: 15 ÷ (5/3), ಅಂದರೆ 9 ವರ್ಷ. ನೌಕೆಯವರ ಪಾಲಿಗೆ ಭೂಮಿ ಮತ್ತು ನಕ್ಷತ್ರದ ನಡುವಿನ ದೂರ 12 × 0.6, ಅಂದರೆ 7.2 ಜ್ಯೋತಿರ್ವರ್ಷ. ಅದನ್ನು 0.8ರಿಂದ ಭಾಗಿಸಿದರೂ 9 ವರ್ಷವೇ.

ಇಲ್ಲಿಗೆ ಪಠ್ಯಪುಸ್ತಕದ ಲೆಕ್ಕ ಮುಗಿಯುತ್ತದೆ, ಆದರೆ ಚುರುಕಾದ ವಿದ್ಯಾರ್ಥಿಯ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ನೌಕೆಯವರಿಗೆ ಭೂಮಿಯೇ ಓಡುತ್ತಿರುವುದರಿಂದ ಭೂಮಿಯ ಗಡಿಯಾರ ನಿಧಾನವಾಗಿರಬೇಕು. ತಮ್ಮ 9 ವರ್ಷಗಳಲ್ಲಿ ಭೂಮಿಯಲ್ಲಿ 9 × 0.6, ಅಂದರೆ 5.4 ವರ್ಷ ಮಾತ್ರ ಕಳೆದಿದೆ ಎಂದು ಅವರು ಹೇಳಬೇಕು. ಹಾಗಿದ್ದರೆ ಭೂಮಿಯವರು ಹೇಳುವ 15 ವರ್ಷ ಎಲ್ಲಿಂದ ಬಂದಿತು?

5.4 ಎಂಬ ಉತ್ತರ ತಪ್ಪಲ್ಲ. ಭೂಮಿಯವರು 15 ಎನ್ನುವುದು ನಕ್ಷತ್ರದ ಬಳಿ ಇಟ್ಟ, ಭೂಮಿಯ ಗಡಿಯಾರಕ್ಕೆ ಹೊಂದಿಸಿದ ಇನ್ನೊಂದು ಗಡಿಯಾರದ ಓದು. ನೌಕೆಯಿಂದ ನೋಡಿದರೆ ಭೂಮಿ ಮತ್ತು ನಕ್ಷತ್ರ ಎರಡೂ ಒಂದೇ ದಿಕ್ಕಿನಲ್ಲಿ ಓಡುವ ಜೋಡಿ. ಭೂಮಿ ನೌಕೆಯಿಂದ ಹಿಂದಕ್ಕೆ ಸರಿಯುತ್ತಿದೆ, ನಕ್ಷತ್ರ ನೌಕೆಯ ಕಡೆಗೆ ಬರುತ್ತಿದೆ, ಆ ಓಟದಲ್ಲಿ ಭೂಮಿ ಮುಂದೆ, ನಕ್ಷತ್ರ ಹಿಂದೆ. ಹಿಂದಿನ ಗಡಿಯಾರ ಹೆಚ್ಚು ತೋರಿಸುತ್ತದೆ ಎಂದೆವಲ್ಲ, ಅದರಂತೆ ನೌಕೆ ಹೊರಟ ಕ್ಷಣದಲ್ಲೇ, ನೌಕೆಯವರ ಲೆಕ್ಕದಲ್ಲಿ, ನಕ್ಷತ್ರದ ಗಡಿಯಾರ 0.8 × 12, ಅಂದರೆ 9.6 ವರ್ಷ ಮುಂದಿತ್ತು. ಅದಕ್ಕೆ ಪ್ರಯಾಣದ 5.4 ವರ್ಷ ಕೂಡಿಸಿದರೆ 15. ಎರಡೂ ಕಡೆಯವರು ನಕ್ಷತ್ರದ ಗಡಿಯಾರದಲ್ಲಿ 15 ಎಂದೇ ಓದುತ್ತಾರೆ, ಅದು ಹೇಗೆ 15 ಆಯಿತು ಎಂಬ ವಿವರಣೆಯಲ್ಲಿ ಮಾತ್ರ ಬೇರೆಯಾಗುತ್ತಾರೆ. ಒಂದು ಘಟನೆ ನಡೆದ ಜಾಗದಲ್ಲೇ ಇರುವ ಗಡಿಯಾರದ ಓದಿನ ಬಗ್ಗೆ ಯಾವ ಇಬ್ಬರು ವೀಕ್ಷಕರಿಗೂ ಭಿನ್ನಾಭಿಪ್ರಾಯ ಬರುವುದಿಲ್ಲ. ನಿಮ್ಮ ಉತ್ತರ ಅಂಥ ಭಿನ್ನಾಭಿಪ್ರಾಯಕ್ಕೆ ಎಡೆಮಾಡಿಕೊಟ್ಟರೆ ಎಲ್ಲೋ ಒಂದು ಕಡೆ ಸೂತ್ರದಲ್ಲಿನ ಏಕಕಾಲಿಕತೆಯ ಪದವನ್ನು (ಬೀಟಾ × ದೂರ ÷ ಬೆಳಕಿನ ವೇಗ) ಬಿಟ್ಟಿದ್ದೀರಿ.

ಉತ್ತರ ಪರೀಕ್ಷಿಸಲು ಇನ್ನೊಂದು ಸಾಧನವಿದೆ. ಯಾವ ಚೌಕಟ್ಟಿನಲ್ಲಿ ಲೆಕ್ಕ ಹಾಕಿದರೂ, ಕಾಲದ ವರ್ಗದಿಂದ ದೂರದ ವರ್ಗವನ್ನು ಕಳೆದರೆ ಬರುವ ಸಂಖ್ಯೆ ಒಂದೇ. ಭೂಮಿಯಿಂದ 15² − 12² = 81. ನೌಕೆಯಿಂದ 9² − 0² = 81. ಪ್ಲಾಟ್‌ಫಾರ್ಮಿನ ಲೆಕ್ಕಕ್ಕೂ ಇದನ್ನು ಹಚ್ಚಬಹುದು. ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿ ಮೀಟರಿನಲ್ಲಿ ಬರೆದರೆ ನಿಲ್ದಾಣದಲ್ಲಿ 0² − 240², ರೈಲಿನಲ್ಲಿ 180² − 300², ಎರಡೂ −57,600. ಈ ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ, ಆದರೂ ಇದನ್ನು ಮಾಡುವವರು ಬೆರಳೆಣಿಕೆಯಷ್ಟು.

“ಕಂಡದ್ದು” ಮತ್ತು “ಅಳೆದದ್ದು” ಒಂದೇ ಅಲ್ಲ ಎಂಬುದನ್ನೂ ಇದೇ ನೌಕೆಯಿಂದ ತಿಳಿಯಬಹುದು. ನೌಕೆಯ ಗಡಿಯಾರದಲ್ಲಿ 3 ವರ್ಷವಾದಾಗ ಅದು ಭೂಮಿಗೆ ರೇಡಿಯೊ ಸಂದೇಶ ಕಳಿಸಿದರೆ ಅದು ಯಾವಾಗ ತಲುಪುತ್ತದೆ? ಅವಸರದ ಉತ್ತರ 3 × 5/3, ಅಂದರೆ 5 ವರ್ಷ. ಆದರೆ 5 ವರ್ಷ ಎಂಬುದು ಸಂದೇಶ ಹೊರಟ ಘಟನೆಗೆ ಭೂಮಿಯ ಚೌಕಟ್ಟು ಕೊಡುವ ಕಾಲ. ಆಗ ನೌಕೆ 4 ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ ಸಂದೇಶ ಬರಲು ಇನ್ನೂ 4 ವರ್ಷ, ಒಟ್ಟು 9 ವರ್ಷ. ಸಂದೇಶ ಬಂದದ್ದು ಬೇರೆಯೇ ಒಂದು ಘಟನೆ, ಅದನ್ನು ಪ್ರತ್ಯೇಕವಾಗಿ ಬರೆದುಕೊಂಡವರಿಗೆ ಈ ತಪ್ಪು ಆಗುವುದಿಲ್ಲ. ಪ್ರಶ್ನೆಯಲ್ಲಿ “ಕಾಣುತ್ತದೆ”, “ಸ್ವೀಕರಿಸುತ್ತದೆ”, “ದೂರದರ್ಶಕದಲ್ಲಿ ನೋಡಿದಾಗ” ಎಂಬ ಮಾತುಗಳಿದ್ದರೆ ಬೆಳಕು ಸಾಗಲು ಹಿಡಿದ ಕಾಲವನ್ನು ಸೇರಿಸಲೇಬೇಕು. “ಚೌಕಟ್ಟಿನಲ್ಲಿ”, “ಅಳತೆಯ ಪ್ರಕಾರ” ಎಂದಿದ್ದರೆ ಸೇರಿಸಬಾರದು.

ಮ್ಯುಯಾನ್: ನಿಜವಾಗಿ ನಡೆದ ಲೆಕ್ಕ

ನೌಕೆ, ರೈಲುಗಳೆಲ್ಲ ಕಲ್ಪನೆ. ಮ್ಯುಯಾನ್ ಕಲ್ಪನೆಯಲ್ಲ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಹುಟ್ಟುವ ಈ ಕಣಗಳ ಸರಾಸರಿ ಆಯುಸ್ಸು, ಅವುಗಳದೇ ಗಡಿಯಾರದಲ್ಲಿ, ಸುಮಾರು 2.2 ಮೈಕ್ರೊಸೆಕೆಂಡ್. ಡೇವಿಡ್ ಫ್ರಿಶ್ ಮತ್ತು ಜೇಮ್ಸ್ ಸ್ಮಿತ್ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನ ಮೌಂಟ್ ವಾಷಿಂಗ್ಟನ್ ಶಿಖರದ ಮೇಲೆ, ಬೆಳಕಿನ ವೇಗದ ಸುಮಾರು 0.995 ಪಾಲು ವೇಗದ ಮ್ಯುಯಾನ್‌ಗಳನ್ನು ಎಣಿಸಿದಾಗ ಗಂಟೆಗೆ ಸುಮಾರು 563 ಸಿಕ್ಕವು. ಅದಕ್ಕಿಂತ 1,907 ಮೀಟರ್ ಕೆಳಗೆ, ಬಹುಮಟ್ಟಿಗೆ ಸಮುದ್ರಮಟ್ಟದಲ್ಲಿರುವ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿ ಎಣಿಸಿದಾಗ ಗಂಟೆಗೆ ಸುಮಾರು 408 ಉಳಿದಿದ್ದವು.

ಘಟನೆಗಳು ಎರಡು: ಮ್ಯುಯಾನ್ ಶಿಖರದ ಎತ್ತರವನ್ನು ದಾಟಿದ್ದು, ಮತ್ತು ಕೆಳಗೆ ತಲುಪಿದ್ದು. ನೆಲದ ಚೌಕಟ್ಟಿನಲ್ಲಿ ನಡುವಿನ ಕಾಲ 1,907 ÷ (0.995 × 30 ಕೋಟಿ), ಸುಮಾರು 6.4 ಮೈಕ್ರೊಸೆಕೆಂಡ್. ಉಳಿಯುವ ಕಣಗಳ ಪಾಲನ್ನು ಪಡೆಯಲು, ಕಳೆದ ಕಾಲವನ್ನು ಸರಾಸರಿ ಆಯುಸ್ಸಿನಿಂದ ಭಾಗಿಸಿ, ಆ ಸಂಖ್ಯೆಯನ್ನು ಋಣ ಘಾತವಾಗಿ 2.718ರ ಮೇಲೆ ಇಡಬೇಕು. ಕಾಲದ ಹಿಗ್ಗುವಿಕೆ ಇಲ್ಲವೆಂದುಕೊಂಡರೆ 6.4 ÷ 2.2, ಅಂದರೆ 2.9, ಉಳಿಯುವ ಪಾಲು ಶೇಕಡಾ 5.5, ಸಂಖ್ಯೆಯಲ್ಲಿ ಸುಮಾರು 31. ಸಿಕ್ಕಿದ್ದು 408. 0.995ಕ್ಕೆ ಗಾಮಾ ಸುಮಾರು 10. ಎರಡೂ ಘಟನೆಗಳಲ್ಲಿ ಇದ್ದದ್ದು ಮ್ಯುಯಾನಿನ ಗಡಿಯಾರ, ಅದರಲ್ಲಿ ಕಳೆದ ಕಾಲ 0.64 ಮೈಕ್ರೊಸೆಕೆಂಡ್ ಮಾತ್ರ, ಆಗ ಉಳಿಯಬೇಕಾದದ್ದು ಸುಮಾರು 421. ಎಣಿಸಿದ ಸಂಖ್ಯೆ ಅದಕ್ಕಿಂತ ತುಸು ಕಡಿಮೆ ಇರುವುದಕ್ಕೆ ಕಾರಣವೂ ಸ್ಪಷ್ಟ: ಗಾಳಿಯಲ್ಲಿ ಇಳಿಯುತ್ತ ಮ್ಯುಯಾನ್‌ಗಳು ಶಕ್ತಿ ಕಳೆದುಕೊಂಡು ನಿಧಾನವಾಗುತ್ತವೆ, ದಾರಿಯುದ್ದಕ್ಕೂ ಗಾಮಾ 10 ಆಗಿಯೇ ಉಳಿಯುವುದಿಲ್ಲ. ಅದನ್ನೂ ಗಣನೆಗೆ ತೆಗೆದುಕೊಂಡು ಅವರು ನಿರೀಕ್ಷಿಸಿದ ಸರಾಸರಿ ಹಿಗ್ಗುವಿಕೆ 8.4, ಎಣಿಕೆಯಿಂದ ಸಿಕ್ಕಿದ್ದು 8.8. ಮಾಪನದ ಅನಿಶ್ಚಿತತೆಯೊಳಗೆ ಎರಡೂ ಒಂದೇ.

ಇದೇ ಲೆಕ್ಕವನ್ನು ಮ್ಯುಯಾನಿನ ಕಡೆಯಿಂದಲೂ ಮಾಡಬಹುದು. ಅದರ ಪಾಲಿಗೆ ಆಯುಸ್ಸು 2.2 ಮೈಕ್ರೊಸೆಕೆಂಡೇ, ಹಿಗ್ಗಿಲ್ಲ, ಆದರೆ ಮೇಲಕ್ಕೆ ಧಾವಿಸಿ ಬರುತ್ತಿರುವ ಪರ್ವತದ ಎತ್ತರ 1,907 ÷ 10, ಸುಮಾರು 191 ಮೀಟರ್ ಮಾತ್ರ, ಅದು ದಾಟಿಹೋಗಲು ಹಿಡಿಯುವ ಕಾಲ ಮತ್ತೆ 0.64 ಮೈಕ್ರೊಸೆಕೆಂಡ್. ಈ ಲೆಕ್ಕದಲ್ಲಿ ಅತಿ ಹೆಚ್ಚು ಜನ ಮಾಡುವ ತಪ್ಪೆಂದರೆ ಎತ್ತರವನ್ನೂ ಹತ್ತರಿಂದ ಭಾಗಿಸಿ, ಆಯುಸ್ಸನ್ನೂ ಹತ್ತರಿಂದ ಗುಣಿಸಿ, ಒಂದೇ ಪರಿಣಾಮವನ್ನು ಎರಡು ಸಲ ಎಣಿಸುವುದು. ನೆಲದ ಚೌಕಟ್ಟಿನಲ್ಲಿ ನಿಂತರೆ ಆಯುಸ್ಸು ಹಿಗ್ಗುತ್ತದೆ, ಎತ್ತರ ಹಾಗೆಯೇ ಇರುತ್ತದೆ. ಮ್ಯುಯಾನಿನ ಚೌಕಟ್ಟಿನಲ್ಲಿ ನಿಂತರೆ ಎತ್ತರ ಕುಗ್ಗುತ್ತದೆ, ಆಯುಸ್ಸು ಹಾಗೆಯೇ ಇರುತ್ತದೆ. ಒಂದು ಲೆಕ್ಕವನ್ನು ಶುರುಮಾಡಿದ ಮೇಲೆ ಅದು ಮುಗಿಯುವವರೆಗೆ ಒಂದೇ ಚೌಕಟ್ಟಿನಲ್ಲಿ ನಿಲ್ಲಿ, ಹಾಳೆಯ ಮೇಲ್ತುದಿಯಲ್ಲಿ “ನೆಲದ ಚೌಕಟ್ಟು” ಎಂದೋ “ಮ್ಯುಯಾನಿನ ಚೌಕಟ್ಟು” ಎಂದೋ ಬರೆದಿಟ್ಟುಕೊಳ್ಳಿ.

ಕೆಲವೊಮ್ಮೆ ಪ್ರಶ್ನೆಯಲ್ಲಿ ವೇಗದ ಬದಲು ಶಕ್ತಿಯನ್ನು ಕೊಟ್ಟಿರುತ್ತಾರೆ. ಆಗ ವೇಗವನ್ನು ಹುಡುಕುವ ಗೋಜೇ ಬೇಡ. ಒಟ್ಟು ಶಕ್ತಿಯನ್ನು ನಿಶ್ಚಲ ಶಕ್ತಿಯಿಂದ ಭಾಗಿಸಿದರೆ ನೇರವಾಗಿ ಗಾಮಾ ಸಿಗುತ್ತದೆ. ಮ್ಯುಯಾನಿನ ನಿಶ್ಚಲ ಶಕ್ತಿ 0.1057 ಗಿಗಾ ಎಲೆಕ್ಟ್ರಾನ್ ವೋಲ್ಟ್. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ಗಾಮಾ 29.3 ಇರುವ ಮ್ಯುಯಾನ್‌ಗಳನ್ನು ಉಂಗುರದಲ್ಲಿ ಸುತ್ತಿಸಿ ಅಳೆದ ಆಯುಸ್ಸು 64.4 ಮೈಕ್ರೊಸೆಕೆಂಡ್. 2.197 × 29.3 ಎಷ್ಟೆಂದು ನೀವೇ ನೋಡಿ. ನಮ್ಮ ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1950ರ ದಶಕದಿಂದಲೇ ಮ್ಯುಯಾನ್‌ಗಳನ್ನು ಎಣಿಸುತ್ತಿದ್ದರು. 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿದ್ದೂ ಅಲ್ಲಿಯೇ. ಅಂಥ ಆಳಕ್ಕೆ ಇಳಿಯುವ ಮ್ಯುಯಾನ್‌ಗಳಿಗೆ ನೆಲಮಟ್ಟದಲ್ಲಿ ಅಪಾರ ಶಕ್ತಿ ಬೇಕು. 1,000 ಗಿಗಾ ಎಲೆಕ್ಟ್ರಾನ್ ವೋಲ್ಟ್ ಎಂದು ಹಿಡಿದರೆ ಗಾಮಾ ಸುಮಾರು 9,460, ನೆಲದ ಚೌಕಟ್ಟಿನಲ್ಲಿ ಒಂದು ಸರಾಸರಿ ಆಯುಸ್ಸಿನೊಳಗೆ ಅದು ಸಾಗಬಲ್ಲ ದೂರ ಸುಮಾರು 6,200 ಕಿಲೋಮೀಟರ್. ಆದ್ದರಿಂದ ಗಣಿಯ ಆಳದಲ್ಲಿ ಮ್ಯುಯಾನ್‌ಗಳು ವಿರಳವಾಗುವುದು ಆಯುಸ್ಸು ತೀರಿದ್ದರಿಂದಲ್ಲ, ಬಂಡೆಯಲ್ಲಿ ಶಕ್ತಿ ಕಳೆದುಕೊಂಡು ನಿಂತುಬಿಡುವುದರಿಂದ.

ಎದುರುಬದುರು ಬರುವ ನೌಕೆಗಳು, ಓರೆಯಾದ ಕೋಲು

ಎರಡು ನೌಕೆಗಳು ಭೂಮಿಯ ಚೌಕಟ್ಟಿನಲ್ಲಿ ತಲಾ 0.6 ಬೀಟಾದಲ್ಲಿ ಎದುರುಬದುರಾಗಿ ಬರುತ್ತಿವೆ. ಒಂದರ ನಿಶ್ಚಲ ಉದ್ದ 340 ಮೀಟರ್ ಆದರೆ ಇನ್ನೊಂದರಿಂದ ಅಳೆದಾಗ ಎಷ್ಟು? ಭೂಮಿಯಿಂದ ನೋಡಿದರೆ ಅವುಗಳ ನಡುವಿನ ದೂರ 1.2 ಬೀಟಾ ದರದಲ್ಲಿ ಕಡಿಮೆಯಾಗುತ್ತದೆ, ಅದರಲ್ಲಿ ತಪ್ಪೇನಿಲ್ಲ, ಏಕೆಂದರೆ ಅದು ಯಾವ ವಸ್ತುವಿನ ವೇಗವೂ ಅಲ್ಲ. ಆದರೆ 1.2ನ್ನು ಗಾಮಾ ಸೂತ್ರಕ್ಕೆ ಹಾಕಿದರೆ ಋಣ ಸಂಖ್ಯೆಯ ವರ್ಗಮೂಲ ಎದುರಾಗುತ್ತದೆ. ಒಂದು ನೌಕೆಯ ಚೌಕಟ್ಟಿನಲ್ಲಿ ಇನ್ನೊಂದರ ವೇಗ ಬೇಕಿದ್ದರೆ ಎರಡು ಬೀಟಾಗಳ ಮೊತ್ತವನ್ನು, 1ಕ್ಕೆ ಅವುಗಳ ಗುಣಲಬ್ಧ ಕೂಡಿಸಿ ಬಂದದ್ದರಿಂದ ಭಾಗಿಸಬೇಕು: 1.2 ÷ 1.36, ಸುಮಾರು 0.882. ಇದರ ಗಾಮಾ ಸರಿಯಾಗಿ 2.125, ಉದ್ದ 340 ÷ 2.125, ಅಂದರೆ 160 ಮೀಟರ್. 0.882 ಎಂದು ಮೊಟಕುಗೊಳಿಸಿ ಮುಂದುವರಿದರೆ ಕೊನೆಯ ಅಂಕಿ ಜಾರುತ್ತದೆ. ಎರಡು ಗಾಮಾಗಳನ್ನು ಗುಣಿಸಿ ಮತ್ತೆ 1.36ರಿಂದ ಗುಣಿಸಿದರೆ, ಅಂದರೆ 1.25 × 1.25 × 1.36 ಮಾಡಿದರೆ, ನಿಖರ ಉತ್ತರ ನೇರವಾಗಿ ಸಿಗುತ್ತದೆ.

ಕೋಲು ಓರೆಯಾಗಿದ್ದರೆ ಚಲನೆಯ ದಿಕ್ಕಿನ ಭಾಗ ಮಾತ್ರ ಕುಗ್ಗುತ್ತದೆ. 5 ಮೀಟರಿನ ಕೋಲಿನ 3 ಮೀಟರ್ ಚಲನೆಯ ದಿಕ್ಕಿಗೂ 4 ಮೀಟರ್ ಅದಕ್ಕೆ ಲಂಬವಾಗಿಯೂ ಇದ್ದು, ಬೀಟಾ 0.8 ಆದರೆ, 3 ಹೋಗಿ 1.8 ಆಗುತ್ತದೆ, 4 ಹಾಗೆಯೇ ಉಳಿಯುತ್ತದೆ. ಒಟ್ಟು ಉದ್ದ ಸುಮಾರು 4.39 ಮೀಟರ್, ಚಲನೆಯ ದಿಕ್ಕಿನೊಂದಿಗೆ ಕೋನ 53 ಡಿಗ್ರಿಯಿಂದ ಸುಮಾರು 66 ಡಿಗ್ರಿಗೆ ಏರುತ್ತದೆ.

ವೇಗ ತೀರ ಕಡಿಮೆ ಇದ್ದಾಗ

ಉಪಗ್ರಹ, ವಿಮಾನಗಳ ಲೆಕ್ಕಗಳಲ್ಲಿ ಎದುರಾಗುವ ತೊಂದರೆ ಬೇರೆ ಬಗೆಯದು. ಉಪಗ್ರಹಗಳಿಂದ ಸ್ಥಾನ ತಿಳಿಸುವ ಭಾರತದ ನಾವಿಕ್ ವ್ಯವಸ್ಥೆಯ ನ್ಯಾವಿಗೇಷನ್ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ. ಅದರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಸುಮಾರು 3.07 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತವೆ. ಬೀಟಾ ಸುಮಾರು ಒಂದು ಲಕ್ಷದಲ್ಲಿ ಒಂದು ಪಾಲು, ಅದರ ವರ್ಗ ಸಾವಿರ ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು. 1ರಿಂದ ಅದನ್ನು ಕಳೆಯಲು ಹೋದರೆ ಹತ್ತು ಅಂಕಿಯ ಕ್ಯಾಲ್ಕುಲೇಟರ್ ಬೇಕಾದ ಅಂಕಿಗಳನ್ನೆಲ್ಲ ನುಂಗಿಬಿಡುತ್ತದೆ. ಇಂಥಲ್ಲಿ ಗಾಮಾ ಸೂತ್ರವನ್ನು ಬಿಟ್ಟು ಅದರ ಅಂದಾಜು ರೂಪವನ್ನು ಬಳಸಬೇಕು:

ಗಾಮಾ − 1 ≈ ಬೀಟಾ² ÷ 2

ದಿನದ 86,400 ಸೆಕೆಂಡುಗಳನ್ನು ಈ ಸಂಖ್ಯೆಯಿಂದ ಗುಣಿಸಿದರೆ ಉಪಗ್ರಹದ ಗಡಿಯಾರ ವೇಗದ ಕಾರಣದಿಂದ ದಿನಕ್ಕೆ ಸುಮಾರು 4.5 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ ಎಂದು ಸಿಗುತ್ತದೆ. ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನಕ್ಕೆ ಇದೇ ಕ್ರಮದಲ್ಲಿ ದಿನಕ್ಕೆ ಸುಮಾರು 30 ನ್ಯಾನೊಸೆಕೆಂಡ್. ಇಲ್ಲಿ ಹೋಲಿಕೆಯ ಚೌಕಟ್ಟು ಯಾವುದು ಎಂಬುದನ್ನೂ ಗಮನಿಸಬೇಕು. ಉಪಗ್ರಹದ ವೇಗವನ್ನು ಹೇಳಿರುವುದು ಭೂಮಿಯ ಕೇಂದ್ರಕ್ಕೆ ಅಂಟಿದ, ಆದರೆ ಭೂಮಿಯೊಂದಿಗೆ ತಿರುಗದ ಚೌಕಟ್ಟಿನಲ್ಲಿ. ಆ ಚೌಕಟ್ಟಿನಲ್ಲಿ ಸಮಭಾಜಕದ ಮೇಲಿನ ಗಡಿಯಾರವೂ ಸೆಕೆಂಡಿಗೆ ಸುಮಾರು 465 ಮೀಟರ್ ಓಡುತ್ತಿದೆ. ಉಪಗ್ರಹಕ್ಕೆ ಹೋಲಿಸಿದರೆ ಅದರ ಪರಿಣಾಮ ದಿನಕ್ಕೆ 0.1 ಮೈಕ್ರೊಸೆಕೆಂಡ್ ಮಾತ್ರವಾದ್ದರಿಂದ ಬಿಟ್ಟುಬಿಡಬಹುದು. ವಿಮಾನದ ಲೆಕ್ಕದಲ್ಲಿ ಅದನ್ನು ಬಿಡುವಂತಿಲ್ಲ, ಏಕೆಂದರೆ ವಿಮಾನದ ವೇಗಕ್ಕಿಂತ ನೆಲದ ವೇಗವೇ ಹೆಚ್ಚು. 1971ರಲ್ಲಿ ಹ್ಯಾಫೆಲ್ ಮತ್ತು ಕೀಟಿಂಗ್ ಪರಮಾಣು ಗಡಿಯಾರಗಳನ್ನು ವಿಮಾನಗಳಲ್ಲಿ ಭೂಮಿಯ ಸುತ್ತ ಒಯ್ದಾಗ ಪೂರ್ವಕ್ಕೆ ಹೋದದ್ದಕ್ಕೂ ಪಶ್ಚಿಮಕ್ಕೆ ಹೋದದ್ದಕ್ಕೂ ಬೇರೆ ಬೇರೆ ಉತ್ತರ ಬಂದದ್ದು ಇದರಿಂದಲೇ.

ಈ ಲೆಕ್ಕಗಳಲ್ಲಿ ಗುರುತ್ವದ ಪರಿಣಾಮವೂ ಇದೆ. ಎತ್ತರದ ಗಡಿಯಾರ ವೇಗವಾಗಿ ನಡೆಯುತ್ತದೆ, ನಾವಿಕ್ ಎತ್ತರದಲ್ಲಿ ಅದು ದಿನಕ್ಕೆ ಸುಮಾರು 51 ಮೈಕ್ರೊಸೆಕೆಂಡ್, ವೇಗದ ಪರಿಣಾಮಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು, ಮತ್ತು ಅದರ ವಿರುದ್ಧ ದಿಕ್ಕಿನಲ್ಲಿ. ಪ್ರಶ್ನೆಯಲ್ಲಿ “ವಿಶೇಷ ಸಾಪೇಕ್ಷತೆಯ ಪರಿಣಾಮವನ್ನು ಮಾತ್ರ” ಎಂದು ಕೇಳಿದ್ದರೆ 4.5 ಮೈಕ್ರೊಸೆಕೆಂಡ್ ಹಿಂದೆ ಎಂದು ಬರೆಯಿರಿ. ಉಪಗ್ರಹದ ಗಡಿಯಾರ ನಿಜವಾಗಿ ಎಷ್ಟು ತೋರಿಸುತ್ತದೆ ಎಂದು ಕೇಳಿದ್ದರೆ ಎರಡನ್ನೂ ಸೇರಿಸಿ, ದಿನಕ್ಕೆ ಸುಮಾರು 46 ಮೈಕ್ರೊಸೆಕೆಂಡ್ ಮುಂದೆ ಎಂದು ಬರೆಯಬೇಕು.